ಸದಾನಂದರಿಗೆ ಬಂದ ಮಾಲೆ

ಆ ದಿನದ ಅನಾಹುತಕ್ಕೆಲ್ಲ ಮೂಲ, ಇಸ್ತ್ರಿ ಮಾಡಿದ ಒಂದು ಬಿಳಿ ಶರ್ಟು.

ಇಂಟರ್‌ವ್ಯೂ ಇದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಅದೂ ಫೋನಿನಲ್ಲಿ, ವಿಡಿಯೋ ಕಾಲ್. ಮದ್ರಾಸಿನ ಕ್ರೋಂಪೇಟೆಯ ಆ ಅಪಾರ್ಟ್‌ಮೆಂಟಿನಲ್ಲಿ ಬೇರೆ ಯಾರೇ ಆಗಿದ್ದರೂ ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಮುಖ ತೊಳೆದು, ಲುಂಗಿಯ ಮೇಲೊಂದು ಶರ್ಟು ಸಿಕ್ಕಿಸಿಕೊಂಡು ಕೂರುತ್ತಿದ್ದರು. ಆದರೆ ಅನಿಕೇತ್ ಎರಡು ವರ್ಷ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದಿ ಬಂದವನು. ಬೆಳಿಗ್ಗೆ ಎಂಟಕ್ಕೇ ಸ್ನಾನ ಮುಗಿಸಿ, ಬಿಳಿ ಶರ್ಟು ತೊಟ್ಟು, ತಾಯಿ ಶಾರದಮ್ಮನಿಗೆ ಬಹಳ ಹೆಮ್ಮೆಯಾಗಿದ್ದ ತನ್ನ ದಟ್ಟ ಕೂದಲನ್ನು ನೀರು ಹಚ್ಚಿ ಬಾಚಿ, ಮದುವೆ ಗಂಡಿನ ಹಾಗೆ ಬಾಲ್ಕನಿಯಲ್ಲಿ ನಿಂತಿದ್ದ.

ಅವನು ಊರಿಗೆ ಬಂದು ಮೂರು ತಿಂಗಳಾಗಿತ್ತು. ಅಲ್ಲಿ ಕೆಲಸ ಸಿಗಲಿಲ್ಲ, ವೀಸಾ ಮುಗಿಯಿತು, ಬಂದ. ಬಂದ ಮೇಲೆ ಹೊಂದಿಕೊಳ್ಳಲು ಅವನೂ ಪ್ರಯತ್ನ ಪಡದೆ ಇರಲಿಲ್ಲ. ಜಿ.ಎಸ್.ಟಿ. ರಸ್ತೆ ಎಂಬ ಹೆದ್ದಾರಿಯಲ್ಲಿ, ದಾಟುವ ಬಿಳಿ ಪಟ್ಟಿಯ ಮೇಲೆ ನಿಂತು, ವಾಹನಗಳು ತನಗಾಗಿ ನಿಲ್ಲಲಿ ಎಂದು ಕಾಯ್ದ. ಕಾಯುತ್ತಲೇ ಇದ್ದ. ಕೊನೆಗೆ ಹೂ ಮಾರುವ ಅಜ್ಜಿಯೊಬ್ಬಳು ಕೈ ಹಿಡಿದು ಎಳೆದುಕೊಂಡು ಹೋಗಿ ಆಚೆ ಬಿಟ್ಟಳು. ಪಕ್ಕದ ಮನೆಯ ದಿನೇಶ್ ಮಾಮ "ಒಂದು ಭಾನುವಾರ ಊಟಕ್ಕೆ ಬಾಪ್ಪಾ" ಎಂದದ್ದನ್ನು ನಂಬಿ ಮುಂದಿನ ಭಾನುವಾರವೇ ಹೋಗಿ ಬೆಲ್ ಒತ್ತಿದ. ಅವರು ಹಿಂದಿನ ದಿನದ ಅನ್ನಕ್ಕೆ ಮೊಸರು ಕಲಸುತ್ತಿದ್ದರು. ಪಾಪ, ಅದರಲ್ಲೇ ಅರ್ಧ ಬಡಿಸಿದರು.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ ಪ್ರಶ್ನೆ. ಹಾಲಿನವನಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕವರವರೆಗೆ ಎಲ್ಲರೂ ಕೇಳುತ್ತಿದ್ದರು: "ಮತ್ತೆ ಯಾವಾಗ ವಾಪಸ್ಸು?"

ಈಗ ಆ ಪ್ರಶ್ನೆಗೆ ಒಂದು ಉತ್ತರ ಸಿಗುವ ಹಾಗಿತ್ತು. ಊರಿನಾಚೆ ಓರಗಡಂನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿ. ಇವತ್ತು ಆಯ್ಕೆಯಾದವನನ್ನು ತಿಂಗಳೊಳಗೆ ತಮ್ಮ ಜರ್ಮನಿಯ ಶಾಖೆಗೆ ಕಳಿಸುತ್ತಾರೆ. ಅನಿಕೇತನಿಗೆ ಬೇಕಾದದ್ದು ಅಷ್ಟೇ. ಸೂಟ್‌ಕೇಸನ್ನು ಅವನಿನ್ನೂ ಅಟ್ಟಕ್ಕೆ ಹಾಕಿರಲಿಲ್ಲ.

"ಅನೀ!" ಕೆಳಗಿನಿಂದ ಕೂಗು ಬಂತು. ದಿನೇಶ್ ಮಾಮ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆಗಿ, ಈಗ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಬನಿಯನ್ನಿನಲ್ಲಿದ್ದರು. "ಡ್ರೆಸ್ ಮಾಡ್ಕೊಂಡು ರೆಡಿಯಾಗೇ ಇದ್ದೀಯಲ್ಲಪ್ಪಾ, ದೇವರು ಕಳ್ಸಿದ ಹಾಗೆ! ಸೀಕ್ರಂ, ಬೇಗ ಬಾ. ಮೇಲ್ಮನೆ ವಿಷ್ಣುತೀರ್ಥರು ಹೋಗ್ಬಿಟ್ರು."

ಅನಿಕೇತನ ಕೈ ಬಾಲ್ಕನಿಯ ಕಂಬಿಯ ಮೇಲೆ ಹಾಗೇ ನಿಂತಿತು.

ವಿಷ್ಣುತೀರ್ಥರು ಧಾರವಾಡದವರು. ಬ್ಯಾಂಕಿನ ಕೆಲಸಕ್ಕೆಂದು ಈ ಊರಿಗೆ ಬಂದು ಇಲ್ಲೇ ಮುದುಕರಾದವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಅನಿಕೇತ್ ಜರ್ಮನಿಯಿಂದ ಬಂದ ಹೊಸತರಲ್ಲಿ ಯಾರ ಮುಖವನ್ನೂ ನೋಡಲಾಗದೆ ಸಂಜೆ ಹೊತ್ತು ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಅಡಗಿ ನಿಲ್ಲುತ್ತಿದ್ದಾಗ, ಒಂದು ಲೋಟ ಕಾಫಿ ಹಿಡಿದು ಬರುತ್ತಿದ್ದರು. "ಕುಡಿಯಪಾ, ಆರತೈತಿ" ಎನ್ನುತ್ತಿದ್ದರು. ಅಷ್ಟೇ. ಯಾವಾಗ ವಾಪಸ್ಸು ಎಂದು ಒಂದು ದಿನವೂ ಕೇಳಿದವರಲ್ಲ.

"ಹೋಗು ಕಣೋ," ಎಂದರು ಶಾರದಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. "ಚಿಕ್ಕವನಾಗಿದ್ದಾಗ ನಿನಗೆ ಟೈಫಾಯ್ಡ್ ಬಂದಿತ್ತಲ್ಲ, ನಿಮ್ಮಪ್ಪ ಡ್ಯೂಟಿ ಮೇಲೆ ರೈಲಲ್ಲಿದ್ರು. ಒದ್ದೆ ಬಟ್ಟೆ ಹಾಕ್ತಾ ಪಕ್ಕದಲ್ಲಿ ಕೂತಿದ್ದೋರು ಅವರೇ. ಹೋಗಿ ಒಂದು ಕೈ ಹಚ್ಚಿ, ಮೂರು ಗಂಟೆಯೊಳಗೆ ಬಂದ್ಬಿಡು."

ತಂದೆ ಸದಾನಂದರು ಊರಲ್ಲಿರಲಿಲ್ಲ. ಮೈಸೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ ಮುಗಿಸಿ ಸಂಜೆಯ ರೈಲಿಗೆ ಬರುವವರಿದ್ದರು.

ಮೇಲಿನ ಮನೆಯಲ್ಲಿ ವಿಷ್ಣುತೀರ್ಥರು ಚಾಪೆಯ ಮೇಲೆ, ಬ್ಯಾಂಕಿನಲ್ಲಿ ಮಧ್ಯಾಹ್ನದ ಹೊತ್ತು ಒಂದು ಗಳಿಗೆ ಕಣ್ಣು ಮುಚ್ಚಿದವರ ಹಾಗೆ ಮಲಗಿದ್ದರು. ಅವರ ಒಬ್ಬನೇ ಮಗ ಅರವಿಂದ್ ಸರಕು ಹಡಗಿನಲ್ಲಿ ಎಂಜಿನಿಯರ್. ಹಡಗು ನಡುಸಮುದ್ರದಲ್ಲಿತ್ತು. ದಡ ಸೇರಿ, ವಿಮಾನ ಹಿಡಿದು ಬರಲು ವಾರದ ಮೇಲಾಗುತ್ತದೆ.

"ಐಸ್ ಬಾಕ್ಸ್ ತರಿಸೋಣವಾ?" ಎಂದರು ಯಾರೋ.

"ಸುಮ್ನಿರ್ರೀ," ಎಂದರು ದಿನೇಶ್. "ಸಂಘದ ಮೀಟಿಂಗಲ್ಲೇ ಹೇಳಿದ್ರಲ್ಲ ಅವರು: 'ನನಗ ಆ ಪೆಟ್ಟಿಗ್ಯಾಗ ಇಡಬ್ಯಾಡ್ರಿ. ಮದ್ರಾಸಿನ ಬಿಸಿಲಾಗ ಇಷ್ಟು ವರ್ಷ ಬೆಂದೀನಿ, ಈಗ ಥಂಡಿ ತಡಿಯಾಂಗಿಲ್ಲ' ಅಂತ. ಹೊತ್ತು ಮುಳುಗೋದ್ರೊಳಗೆ ಆಗ್ಬೇಕು. ಅನೀ, ನಿನ್ನ ಫೋನು ಫಾರಿನ್ದಲ್ವಾ? ಕ್ಯಾಮೆರಾ ಚೆನ್ನಾಗಿರುತ್ತೆ. ಅರವಿಂದಂಗೆ ಕಾಲ್ ಮಾಡಿ ತೋರಿಸು."

ಹಡಗಿನ ಕ್ಯಾಪ್ಟನ್ ಒಳ್ಳೆಯವನು. ಅರವಿಂದನಿಗಾಗಿ ಉಪಗ್ರಹದ ಲೈನನ್ನು ಬಿಟ್ಟುಕೊಟ್ಟಿದ್ದ. ತೆರೆಯ ಮೇಲೆ ಅರವಿಂದನ ಮುಖ ಬಂತು. ಹಡಗು ಅಲುಗಿದಾಗ ಅವನು ಅಲುಗುತ್ತಿದ್ದ, ಅನಿಕೇತನ ಕೈ ಅಲುಗಿದಾಗ ಅವನ ತೆರೆಯಲ್ಲಿ ಅಪ್ಪ ಅಲುಗುತ್ತಿದ್ದರು.

"ಅನೀ, ಮುಖದ ಹತ್ರ ಹಿಡಿಯೋ. ಇನ್ನೂ ಹತ್ರ." ಅರವಿಂದ್ ಸುಮಾರು ಹೊತ್ತು ನೋಡಿದ. "ಗಡ್ಡ ಬೆಳಿಸ್ಯಾನಲ್ಲೋ. ನನಗ ಹೇಳೇ ಇಲ್ಲ."

ಅನಿಕೇತ್ ಎರಡೂ ಕೈಯಲ್ಲಿ ಫೋನು ಹಿಡಿದು ನಿಂತ. ಕೈ ಸೋತಿತು, ಇಳಿಸಲಿಲ್ಲ.

ಅಷ್ಟರಲ್ಲಿ ಆಚಾರ್ರು ಬಂದರು. ಬಂದವರೇ ಕರ್ಮ ಮಾಡುವವರು ಯಾರು ಎಂದು ಕೇಳಿದರು. ಎಲ್ಲರೂ ಎಲ್ಲರ ಮುಖ ನೋಡಿದರು. ಬಳಗದವರೆಲ್ಲ ಧಾರವಾಡದಲ್ಲಿ.

"ಸಗೋತ್ರದವರು ಯಾರಾದ್ರೂ ಇದ್ರೆ ಪ್ರತಿನಿಧಿಯಾಗಿ ನಿಲ್ಲಬಹುದು," ಎಂದರು ಆಚಾರ್ರು.

"ಅನೀ, ನಿಮ್ದು ಯಾವ ಗೋತ್ರ?" ಎಂದರು ಯಾರೋ.

"ಗೊತ್ತಿಲ್ಲ, ಮಾಮ."

"ನಂಗೊತ್ತು!" ಎಂದರು ದಿನೇಶ್. "ನಿನ್ನ ಉಪನಯನದಲ್ಲಿ ನಾನೇ ಇದ್ನಲ್ಲ. ವಿಶ್ವಾಮಿತ್ರ. ಇವರದ್ದೂ ಅದೇ. ನೋಡಿ ಆಚಾರ್ರೇ, ರೆಡಿಯಾಗಿ ಬಂದು ನಿಂತಿದ್ದಾನೆ."

ಜರ್ಮನಿಯಲ್ಲಿ ಅನಿಕೇತ್ 'ಆಗಲ್ಲ' ಎಂದು ನೇರವಾಗಿ ಹೇಳುವುದನ್ನು ಕಲಿತಿದ್ದ. ಇಲ್ಲಿ ಬಂದ ಮೇಲೆ ಅದು ಬಾಯಿಂದ ಹೊರಗೇ ಬರುತ್ತಿರಲಿಲ್ಲ. ಬಂದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಅವನು ಬಾಯಿ ತೆರೆದ. ಫೋನಿನೊಳಗಿಂದ ಅರವಿಂದ್ ಹೇಳಿದ: "ಅನೀ, ನೀ ಮಾಡ್ತೀಯೇನೋ?"

"ಆಯ್ತು," ಎಂದ ಅನಿಕೇತ್.

ಮುಂದಿನದೆಲ್ಲ ಇಳಿಜಾರಿನಲ್ಲಿ ಬ್ರೇಕು ಕಿತ್ತ ತಳ್ಳುಗಾಡಿಯ ಹಾಗೆ. ಇಸ್ತ್ರಿ ಶರ್ಟು ಹೋಗಿ ಒದ್ದೆ ಪಂಚೆ ಬಂತು. ಶವದ ವ್ಯಾನು ಬರಲು ಹೊತ್ತಾಯಿತು; ಬಂದ ಮೇಲೆ ಡ್ರೈವರನಿಗೆ ದಾರಿ ಹೇಳಲು ನಾಲ್ಕು ಜನ, ನಾಲ್ಕು ದಾರಿ ಹೇಳಿದರು. ರೈಲ್ವೆ ಗೇಟು ಬಿತ್ತು. ತಾಂಬರಂ ಕಡೆ ಒಂದು ಲೋಕಲ್ ರೈಲು ಹೋಯಿತು, ಬೀಚ್ ಸ್ಟೇಷನ್ ಕಡೆ ಒಂದು ಹೋಯಿತು, ಗೇಟು ಏಳಲಿಲ್ಲ. ಮುಂದಿನ ಸೀಟಿನಲ್ಲಿ ಅಗ್ನಿಯ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ ಅನಿಕೇತ್, ಬಸಿರಿ ಹೆಂಗಸು ಆಸ್ಪತ್ರೆಯ ಗಡಿಯಾರ ನೋಡಿದ ಹಾಗೆ ಡ್ರೈವರನ ಕೈಗಡಿಯಾರವನ್ನು ನೋಡುತ್ತಿದ್ದ.

"ಮಾಮ, ನನಗೆ ಮೂರು ಗಂಟೆಗೆ..."

"ಟೆನ್ಷನ್ ಆಗ್ಬೇಡಪ್ಪಾ. ನಿನ್ನ ಫೋನು ನನ್ನ ಹತ್ರಾನೇ ಇದೆ. ಜೋಪಾನವಾಗಿ ಇಟ್ಕೊಂಡಿದ್ದೀನಿ."

ಸ್ಮಶಾನದ ಬೇವಿನ ಮರದ ಕೆಳಗೆ ಕ್ಷೌರಿಕ ಏಳುಮಲೈ ಸ್ಟೂಲು ಹಾಕಿಕೊಂಡು ಕಾಯುತ್ತಿದ್ದ. ವ್ಯಾನಿನಿಂದ ಒದ್ದೆ ಪಂಚೆಯಲ್ಲಿ ಇಳಿದವನನ್ನು ನೋಡಿದ. ಅವನಿಗೆ ಮತ್ತೇನೂ ತಿಳಿಯಬೇಕಾಗಿರಲಿಲ್ಲ. ಭುಜ ಹಿಡಿದು ಮೆಲ್ಲಗೆ ಕೂರಿಸಿ, ತಮಿಳಿನಲ್ಲಿ "ಅಳಬೇಡಿ ತಂಬಿ, ಅಪ್ಪ ಒಳ್ಳೆ ಜಾಗಕ್ಕೇ ಹೋಗಿರ್ತಾರೆ" ಎಂದ. ಗಡ್ಡ ತೆಗೆಯುತ್ತಾನೇನೋ ಎಂದುಕೊಂಡು ಅನಿಕೇತ್ ಗಲ್ಲ ಮುಂದೆ ಮಾಡಿದ. ತಲೆಯ ಮೇಲೆ ತಣ್ಣೀರು ಬಿತ್ತು. ಆಮೇಲೆ ಕತ್ತಿ.

"ಏಯ್, ನಿಲ್ಲಿಸಯ್ಯಾ!" ಆಚಾರ್ರು ಓಡಿ ಬಂದರು. "ಅವನಪ್ಪ ಬದುಕಿದ್ದಾರೆ ಕಣಯ್ಯಾ! ಅಪ್ಪ ಇದ್ದೋನಿಗೆ ತಲೆ ಬೋಳಿಸಬಾರದು! ಅವನು ಬರೀ ಪ್ರತಿನಿಧಿ!"

ಏಳುಮಲೈ ಕತ್ತಿ ಎತ್ತಿದ. ಅಷ್ಟರಲ್ಲಿ ಹಣೆಯಿಂದ ಹಿಂದಲೆಯವರೆಗೆ, ಜಿ.ಎಸ್.ಟಿ. ರಸ್ತೆಯ ಹಾಗೆ ನೇರವಾದ ಒಂದು ದಾರಿ ಬಿದ್ದಿತ್ತು. ಎಡಕ್ಕೊಂದು ಕಾಡು, ಬಲಕ್ಕೊಂದು ಕಾಡು.

ಎಲ್ಲರೂ ಸುತ್ತ ನಿಂತು ನೋಡಿದರು. ಒಂದೆರಡು ಸಲಹೆಗಳು ಬಂದವು. ಟೋಪಿ ಹಾಕಿಕೊಂಡರೆ ತಿಳಿಯುವುದಿಲ್ಲ ಎಂದರು ದಿನೇಶ್. ಕೊನೆಗೆ ಆಚಾರ್ರೇ ನಿಟ್ಟುಸಿರು ಬಿಟ್ಟು, "ಇನ್ನೇನು ಮಾಡೋದು, ಪೂರ್ತಿ ಮಾಡ್ಬಿಡು. ಪ್ರಾಯಶ್ಚಿತ್ತಕ್ಕೊಂದು ಮಂತ್ರ ಹೇಳ್ತೀನಿ" ಎಂದರು. ಶಾರದಮ್ಮನ ಹೆಮ್ಮೆಯೆಲ್ಲ ಬೇವಿನ ಎಲೆಗಳ ಜತೆ ಸೇರಿತು. ಏಳುಮಲೈ ದುಡ್ಡು ತೆಗೆದುಕೊಳ್ಳಲಿಲ್ಲ. ತನ್ನ ಹೆಗಲಿನ ಟವೆಲನ್ನು ನೀರಲ್ಲಿ ಅದ್ದಿ ಹಿಂಡಿ, ಹುಡುಗನ ಹೊಸ ತಲೆಯ ಮೇಲೆ ಹೊದಿಸಿದ. "ಬಿಸಿಲು, ತಂಬಿ. ಸುಡುತ್ತೆ."

ಮೂರು ಗಂಟೆಗೆ ಸರಿಯಾಗಿ ಅನಿಕೇತ್ ನೀರು ತುಂಬಿದ ಗಡಿಗೆಯನ್ನು ಹೆಗಲ ಮೇಲೆ ಹೊತ್ತು ವಿಷ್ಣುತೀರ್ಥರನ್ನು ಸುತ್ತುತ್ತಿದ್ದ. ಆಚಾರ್ರು ಗಡಿಗೆಗೆ ತೂತು ಹೊಡೆಯುತ್ತಿದ್ದರು, ನೀರು ಅವನ ಬೆನ್ನ ಮೇಲೆ ಇಳಿಯುತ್ತಿತ್ತು. ಅರವಿಂದನ ಲೈನು ಆಗತಾನೇ ಕಡಿದು ಹೋಗಿತ್ತು. ಮರುಗಳಿಗೆಯಲ್ಲೇ ಫೋನು ಬಡಿದುಕೊಂಡಿತು. ಅರವಿಂದನೇ ಮತ್ತೆ ಮಾಡಿದ್ದಾನೆಂದು ದಿನೇಶ್ ಮಾಮ ಕನ್ನಡಕವಿಲ್ಲದೆಯೇ ಗುಂಡಿ ಒತ್ತಿ, ಫೋನನ್ನು ಎತ್ತಿ ಹಿಡಿದರು.

"ನೋಡಪ್ಪಾ, ಎಲ್ಲಾ ಕ್ರಮವಾಗಿ ನಡೀತಾ ಇದೆ. ಎರಡನೇ ಸುತ್ತು. ಕಾಣಿಸ್ತಾ? ಇರು, ಹತ್ರ ಬರ್ತೀನಿ. ಅಳಬೇಡ. ಮುಖ ಬೇಕಾ, ಕಾಲು ಬೇಕಾ?"

ಮೂರನೇ ಸುತ್ತು ತಿರುಗಿದ ಅನಿಕೇತನಿಗೆ ಎದುರಿಗೇ ತನ್ನ ಫೋನು ಕಂಡಿತು. ಅದರೊಳಗೆ ಮೂರು ಮುಖ. ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಒಬ್ಬ ಜರ್ಮನ್ ಮನುಷ್ಯ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಿದ್ದ. ನಡುವೆ ಟೈ ಕಟ್ಟಿದ, ನರೆತ ಮೀಸೆಯ ಇಳಂಗೋವನ್, ಕಂಪನಿಯ ಜನರಲ್ ಮ್ಯಾನೇಜರ್.

ಅನಿಕೇತ್ ನಿಂತುಬಿಟ್ಟ. "ನಿಲ್ಲಬಾರದು, ನಡಿ ನಡಿ," ಎಂದರು ಆಚಾರ್ರು. ನಡೆದ. ಬೆನ್ನಿಗೆ ನೀರು, ಕಣ್ಣಿಗೂ ನೀರು. ಹಿಂತಿರುಗದೆ ಗಡಿಗೆಯನ್ನು ಹಿಂದಕ್ಕೆ ಹಾಕಿದ. ಅದು ಒಡೆಯಿತು.

ಫೋನಿನೊಳಗೆ ಇಳಂಗೋವನ್ ಕುರ್ಚಿಯಿಂದ ಎದ್ದು ನಿಂತರು. ಉಳಿದ ಇಬ್ಬರಿಗೂ ಏಳಿ ಎಂದು ಕೈ ಸನ್ನೆ ಮಾಡಿದರು. ಮೂವರೂ ತಲೆ ತಗ್ಗಿಸಿ ನಿಂತರು. ಆಮೇಲೆ ತೆರೆ ಕಪ್ಪಾಯಿತು.

"ಅರವಿಂದ್ ದಪ್ಪ ಆಗ್ಬಿಟ್ಟಿದ್ದಾನೆ," ಎಂದರು ದಿನೇಶ್.

ಕೆಲಸ ಹೋಯಿತು, ಜರ್ಮನಿ ಹೋಯಿತು, ತಲೆಗೂದಲು ಹೋಯಿತು. ಅನಿಕೇತ್ ವಿದ್ಯುತ್ ಚಿತಾಗಾರದ ಒಳಗೆ ಹೋಗಿ ವಿಷ್ಣುತೀರ್ಥರ ಎದೆಯ ಮೇಲೆ ಕರ್ಪೂರ ಹಚ್ಚಿದ. ಅಷ್ಟರಲ್ಲಿ ನಿಜವಾದ ಅರವಿಂದನ ಲೈನು ಸಿಕ್ಕಿತು. ಕಬ್ಬಿಣದ ಬಾಗಿಲು ಮುಚ್ಚುವವರೆಗೂ ಅವನು ನೋಡುತ್ತಲೇ ಇದ್ದ. ಮುಚ್ಚಿದ ಮೇಲೆ ಹೇಳಿದ: "ನಿನ್ನ ಕೈ ಹಗುರ ಅದ ನೋಡೋ, ಅನೀ. ಅಪ್ಪಗ ಗೊತ್ತೂ ಆಗಿರಲಿಕ್ಕಿಲ್ಲ."

ಸಂಜೆ ಸದಾನಂದರು ಮೈಸೂರು ಪಾಕಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬಾಗಿಲು ತೆರೆದೇ ಇತ್ತು. ಹಾಲಿನ ನೆಲದ ಮೇಲೆ ಮಗ ಬೋಳುತಲೆಯಲ್ಲಿ, ಒಂದೇ ಪಂಚೆಯಲ್ಲಿ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಆ ತಲೆಯನ್ನು ಸವರುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಸದಾನಂದರು ಹೊಸ್ತಿಲಲ್ಲೇ ನಿಂತು ತಮ್ಮ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡರು. "ಶಾರದಾ," ಎಂದರು, "ನಾನು ಇದ್ದೀನಲ್ವೇನೇ?"

ನಡೆದದ್ದನ್ನೆಲ್ಲ ಕೇಳಿದ ಮೇಲೆ ಅವರು ಬಯ್ಯಲಿಲ್ಲ. ಮೇಲಿನ ಮನೆಯ ಕಡೆ ಒಮ್ಮೆ ನೋಡಿದರು. "ಹೋಗಲಿ ಬಿಡು. ಆ ಮನುಷ್ಯನಿಗೆ ಒಬ್ಬ ಮಗ ಬೇಕಾಗಿತ್ತು, ನಮ್ಮವನು ಆದ. ಕೂದಲು ಬರುತ್ತೆ. ಬೇರೆ ಇಂಟರ್‌ವ್ಯೂನೂ ಬರುತ್ತೆ" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ಆಗ ಬೆಲ್ ಆಯಿತು.

ಬಾಗಿಲಿಗೆ ಹೋದವರು ಸದಾನಂದರೇ. ಹೊರಗೆ ನರೆತ ಮೀಸೆಯ ಮನುಷ್ಯರೊಬ್ಬರು, ಕೈಯಲ್ಲಿ ತೋಳಿನಷ್ಟು ದಪ್ಪದ ಗುಲಾಬಿ ಮಾಲೆ ಹಿಡಿದು ನಿಂತಿದ್ದರು. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟಿದ್ದರು. "ಅನಿಕೇತ್ ಮನೆ ಇದೇನಾ? ಅರ್ಜಿಯಲ್ಲಿ ಅಡ್ರೆಸ್ ಇತ್ತು," ಎಂದು ತಮಿಳಿನಲ್ಲಿ ಕೇಳಿ, ತಗ್ಗಿದ ದನಿಯಲ್ಲಿ ಸೇರಿಸಿದರು: "ನಾನು ಇಳಂಗೋವನ್. ತಂದೆಯವರ ಫೋಟೋ ಎಲ್ಲಿಟ್ಟಿದ್ದೀರಿ?"

ಸದಾನಂದರು ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದವರು. ಇನ್ನೊಬ್ಬರ ಹೆಸರಲ್ಲಿ ಪ್ರಯಾಣ ಮಾಡುವವರನ್ನು ಮುಖ ನೋಡಿಯೇ ಹಿಡಿದು ಇಳಿಸಿದವರು. ಆ ವಿಷಯದಲ್ಲಿ ಅತ್ತಿಗೆಯ ತಮ್ಮನನ್ನೂ ಬಿಟ್ಟವರಲ್ಲ. ಅವರು ಬಂದವರನ್ನು ನೋಡಿದರು, ಮಾಲೆಯನ್ನು ನೋಡಿದರು, ಮಗನ ಬೋಳುತಲೆಯನ್ನು ನೋಡಿದರು. ಎಲ್ಲ ಅರ್ಥವಾಯಿತು.

"ಸರ್," ಎಂದು ಅನಿಕೇತ್ ಎದ್ದು ಬಾಗಿಲಿಗೆ ಬಂದ. "ನಿಜ ಹೇಳ್ಬೇಕಂದ್ರೆ..."

ಸದಾನಂದರು ಮಗನ ಪಾದವನ್ನು ತಮ್ಮ ಪಾದದಿಂದ ಒತ್ತಿ ಹಿಡಿದರು. "ಫೋಟೋಗೆ ಫ್ರೇಮ್ ಹಾಕಿಸೋಕೆ ಕೊಟ್ಟಿದ್ದೀವಿ," ಎಂದರು. "ಬನ್ನಿ, ಕೂತ್ಕೊಳ್ಳಿ. ನಾನು ಇವನ ದೊಡ್ಡಪ್ಪ."

ಶಾರದಮ್ಮ ತಲೆಯೆತ್ತಿದರು. ಅವರ ಹಣೆಯ ಕುಂಕುಮ ನೋಡಿ ಇಳಂಗೋವನ್ ತುಟಿ ಕಚ್ಚಿಕೊಂಡರು. ಗಂಡ ಹೋದ ಹತ್ತನೇ ದಿನದವರೆಗೆ ತಾನೇ ಅದು ಇರುವುದು. ಅವರ ಕಣ್ಣು ತುಂಬಿತು. ಶಾರದಮ್ಮ ಎರಡೂ ಕೈಯಲ್ಲಿ ತಾಳಿಯನ್ನು ಭದ್ರವಾಗಿ ಹಿಡಿದುಕೊಂಡು ಗಂಡನನ್ನು ನೋಡಿದ ನೋಟ, ಏಳುಮಲೈಯ ಕತ್ತಿಗಿಂತ ಹರಿತವಾಗಿತ್ತು.

"ನನ್ನ ಅಪ್ಪ ಹೋದಾಗ ನಾನು ಟ್ರೈನಿಂಗಿಗೆ ಜಪಾನಿನಲ್ಲಿದ್ದೆ," ಎಂದರು ಇಳಂಗೋವನ್. "ತಮ್ಮ ಫೋನಲ್ಲಿ ತೋರಿಸಿದ. ಗಡಿಗೆ ಹೊರೋಕೆ ನಾನಿರಲಿಲ್ಲ. ಇವತ್ತು ಈ ತಂಬಿಯನ್ನ ನೋಡಿದಾಗ... ಇಂಟರ್‌ವ್ಯೂ ಇದ್ರೂ ಬಿಟ್ಟು ಹೋಗಿದ್ದಾನೆ. ಇವನಿಗೆ ನಾನು ಇನ್ನೇನು ಪ್ರಶ್ನೆ ಕೇಳಲಿ? ಕೆಲಸ ಇವನಿಗೇ. ಕರ್ಮ ಎಲ್ಲ ಮುಗಿಸಿಕೊಂಡು ಬರಲಿ."

ಅನಿಕೇತನ ಮುಖ ಅರಳಿತು. ಬೋಳುತಲೆಗೂ ಬಣ್ಣ ಬಂತು. ಸೂಟ್‌ಕೇಸು ಕಣ್ಣ ಮುಂದೆ ಸುಳಿಯಿತು. ಸದಾನಂದರು ತಮ್ಮ ಸಾವಿನ ಬಗ್ಗೆ ಸಮಾಧಾನವಾದವರಂತೆ ಕುರ್ಚಿಗೆ ಒರಗಿದರು.

"ಇನ್ನೊಂದು ವಿಷಯ, ಅಮ್ಮ," ಇಳಂಗೋವನ್ ಶಾರದಮ್ಮನ ಕಡೆ ತಿರುಗಿ, ತಾಯಿಗೆ ಹೇಳುವ ಹಾಗೆ ಹೇಳಿದರು. "ನೀವು ಒಂದು ಚಿಂತೆ ಬಿಡಿ. ಇಂಥ ಹೊತ್ತಲ್ಲಿ ನಿಮ್ಮೊಬ್ಬರನ್ನೇ ಬಿಟ್ಟು ಇವನನ್ನ ಜರ್ಮನಿಗೆ ಕಳಿಸೋಷ್ಟು ಕಲ್ಲು ಮನಸ್ಸಿನವನಲ್ಲ ನಾನು. ಜರ್ಮನಿಯವರ ಜತೆ ಹಟ ಹಿಡಿದು ಮಾತಾಡಿದೆ. ಆ ಪೋಸ್ಟು ಬೇರೆ ಹುಡುಗನಿಗೆ ಕೊಟ್ಟಾಯ್ತು. ಇವನಿಗೆ ಓರಗಡಂನಲ್ಲೇ. ಕಂಪನಿ ಬಸ್ಸು ನಿಮ್ಮನೆ ಮುಂದೇ ಹೋಗುತ್ತೆ, ನಾನೂ ಅದರಲ್ಲೇ ಬರೋದು. ದಿನಾ ರಾತ್ರಿ ಇವನು ನಿಮ್ಮ ಕೈ ಊಟ ಮಾಡಲಿ. ನಾನಿರೋವರೆಗೆ ಇವನನ್ನ ಎಲ್ಲಿಗೂ ಕಳಿಸಲ್ಲ. ಇದು ನನ್ನ ಮಾತು."

ಮನೆಯ ಮೂವರೂ ತಲೆ ತಗ್ಗಿಸಿದರು. ಅದನ್ನು ಇಳಂಗೋವನ್ ಕೃತಜ್ಞತೆ ಎಂದುಕೊಂಡರು. ಮಾಲೆಯನ್ನು ಸದಾನಂದರ ಕೈಯಲ್ಲಿಟ್ಟು, ಅವರ ತೋಳನ್ನು ಒಮ್ಮೆ ಅಮುಕಿ, ಸಾವಿನ ಮನೆಯಲ್ಲಿ ಹೋಗಿಬರುತ್ತೇನೆ ಎನ್ನಬಾರದೆಂದು ಒಂದು ಮಾತೂ ಆಡದೆ ಎದ್ದು ಹೊರಟುಹೋದರು.

"ಮುತ್ತೈದೆ ಎದುರಿಗೆ ನಿಂತು ದೊಡ್ಡಪ್ಪ ಅಂತೀರಲ್ರೀ!" ಶಾರದಮ್ಮನಿಗೆ ಕೊನೆಗೂ ಬಾಯಿ ಬಂತು. "ಇನ್ನು ಬೆಳಿಗ್ಗೆ ಬಾಲ್ಕನಿಯಲ್ಲಿ ಪೇಪರ್ ಓದೋ ಹಾಗಿಲ್ಲ ನೀವು. ಬಸ್ಸಲ್ಲಿ ಅವರು ಹೋಗ್ತಿರ್ತಾರೆ. ದೊಡ್ಡಪ್ಪ ದಿನಾ ಇಲ್ಲೇ ಯಾಕಿರ್ತಾರೆ ಅಂತ ಕೇಳಿದ್ರೆ ಏನು ಹೇಳೋದು?"

ಸದಾನಂದರು ಮಾಲೆಯನ್ನು ಎರಡು ಅಂಗೈಗಳಲ್ಲಿ ತೂಗಿ ನೋಡುತ್ತಿದ್ದರು. ಹೂವು ತಾಜಾ ಇತ್ತು, ಹತ್ತಿರದ ಅಂಗಡಿಯದಲ್ಲ. ಕೋಯಂಬೇಡಿನ ಹೂವಿನ ಮಾರುಕಟ್ಟೆಯವರೆಗೆ ಹೋಗಿ ತಂದದ್ದಿರಬೇಕು. "ಪಾಪ, ಒಳ್ಳೆ ಮನುಷ್ಯ," ಎಂದರು. "ಇದನ್ನ ಮೇಲಿನ ಮನೇಲಿ, ವಿಷ್ಣುತೀರ್ಥರ ದೀಪದ ಹತ್ರ ಇಟ್ಟು ಬರ್ತೀನಿ. ಸಲ್ಲಬೇಕಾದವರಿಗೆ ಸಲ್ಲಲಿ."

ಅವರು ಬಾಗಿಲಿಗೆ ಹೋಗುವಷ್ಟರಲ್ಲಿ ದಿನೇಶ್ ಮಾಮ ಎದುರಾದರು. ಒಂದು ಕೈಯಲ್ಲಿ ಅನಿಕೇತನ ಫೋನು, ಇನ್ನೊಂದು ಕೈಯಲ್ಲಿ ಒಂದು ಪಾತ್ರೆ. "ಹೊಟ್ಟೆ ಹಸಿದಿರುತ್ತಪ್ಪಾ. ಬಿಸಿ ಮೊಸರನ್ನ, ಈಗ ಕಲಸಿದ್ದು," ಎಂದು ಪಾತ್ರೆಯನ್ನು ಹುಡುಗನ ಮುಂದಿಟ್ಟು, ತಾವೂ ನೆಲದ ಮೇಲೇ ಕೂತರು. ಹುಡುಗ ಎರಡು ತುತ್ತು ತಿನ್ನುವವರೆಗೆ ಪ್ರೀತಿಯಿಂದ ನೋಡಿದರು. ಆಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಅದು ಸರಿ ಅನೀ, ಮತ್ತೆ ಯಾವಾಗಪ್ಪಾ ಜರ್ಮನಿಗೆ ವಾಪಸ್ಸು?"

ಅನಿಕೇತ್ ಬಾಗಿಲಲ್ಲಿ ಮಾಲೆ ಹಿಡಿದು ನಿಂತಿದ್ದ ತಂದೆಯನ್ನು ನೋಡಿದ.

"ಅಪ್ಪ ಬದುಕಿ ಬಂದ ಮೇಲೆ, ಮಾಮ," ಎಂದ.